ಇಂಟರ್ನೆಟ್ ಕಾಯುವವರು ಯಾರು? ಆ ಮೇಲ್‌ನಿಂದಲೇ ಶುರು ಮಾಡೋಣ

ಪ್ರಶ್ನೆ: ನಮ್ಮೂರು ಅಂಕೋಲಾ ಹತ್ತಿರದ ಹಳ್ಳಿ. ನಾನು ಕಾರವಾರದಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದೇನೆ. ಅಣ್ಣ ಕೇಬಲ್ ಟಿವಿ ಜೊತೆಗೆ ಇಂಟರ್ನೆಟ್ಟೂ ಕೊಡುತ್ತಾನೆ, ಐನೂರು-ಆರುನೂರು ಮನೆಗಳಿವೆ. ಹೋದ ತಿಂಗಳು ಹೊರದೇಶದ ಒಂದು ಸಂಸ್ಥೆಯಿಂದ ಮೇಲ್ ಬಂತು. ‘ನಿಮ್ಮ ಐಪಿ ವಿಳಾಸದಲ್ಲಿ ಡಿಎನ್‌ಎಸ್ ಸರ್ವರ್ ಎಲ್ಲರಿಗೂ ತೆರೆದಿದೆ. ಬೇರೆಯವರ ಮೇಲೆ ದಾಳಿಗೆ ಬಳಕೆಯಾಗಬಹುದು, ದಯವಿಟ್ಟು ಮುಚ್ಚಿ’ ಅಂತ. (ಡಿಎನ್‌ಎಸ್ ಅಂದರೆ ಜಾಲತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ಅದರ ಸಂಖ್ಯೆ, ಹೇಳುವ ವ್ಯವಸ್ಥೆ.) ‘ಮೋಸದ ಮೇಲ್ ಇರಬೇಕು. ಅಲ್ಲದಿದ್ದರೂ ನಮಗೆ ಹೇಳೋಕೆ ಅವರು ಯಾರು?’ ಎಂದು ಅಣ್ಣ ಬಿಟ್ಟುಬಿಟ್ಟ. ಹೀಗೆ ಬರೆಯುವ ಅಧಿಕಾರ ಅವರಿಗೆ ಕೊಟ್ಟವರು ಯಾರು? ಇಡೀ ಜಗತ್ತಿನ ಇಂಟರ್ನೆಟ್ ಕಾಯಲು ಯಾರಾದರೂ ಇದ್ದಾರಾ? ಈ ವಿಷಯ ಕಲಿಯಲು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನಿಮ್ಮ ಅಣ್ಣನ ಅನುಮಾನ ನೋಡೋಣ. ಅನುಮಾನಪಟ್ಟಿದ್ದು ಸರಿಯೇ. ಗುರುತಿಲ್ಲದವರ ಮೇಲ್ ಬಂದರೆ ಅದರ ಲಿಂಕ್ ಒತ್ತಬಾರದು, ಜೊತೆಗೆ ಬಂದ ಫೈಲ್ ತೆರೆಯಬಾರದು. ಆದರೆ ಅಳಿಸುವ ಮೊದಲು ಅದರಲ್ಲಿರುವ ಐಪಿ ವಿಳಾಸ ನಿಮ್ಮದೇ ಹೌದೋ ಅಲ್ಲವೋ ನೋಡಿ. ನಿಮ್ಮದೇ ಆದರೆ, ಅವರು ಹೇಳಿದ್ದು ನಿಜವೋ ಸುಳ್ಳೋ ಅಂತ ನೀವೇ ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ಯಾರನ್ನೂ ನಂಬುವ ಅಗತ್ಯವಿಲ್ಲ.

ಲ್ಯಾಪ್‌ಟಾಪನ್ನು ಅಣ್ಣನ ಲೈನಿನಿಂದ ಬಿಡಿಸಿ. ಬೇರೆ ಕಂಪನಿಯ ಸಿಮ್ ಇರುವ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಳ್ಳಿ. ಈಗ ನೀವು ‘ಹೊರಗಿನವರು’. ಕಮಾಂಡ್ ವಿಂಡೋದಲ್ಲಿ ಎನ್‌ಎಸ್‌ಲುಕಪ್ (nslookup) ಎಂದು ಬರೆದು, ಮುಂದೆ ಯಾವುದಾದರೂ ಒಂದು ಜಾಲತಾಣದ ಹೆಸರು, ಅದರ ಪಕ್ಕ ಮೇಲ್‌ನಲ್ಲಿದ್ದ ಐಪಿ ಹಾಕಿ ಎಂಟರ್ ಒತ್ತಿ. ‘ಟೈಮ್ಡ್ ಔಟ್’ ಅಥವಾ ‘ರಿಫ್ಯೂಸ್ಡ್’ ಎಂದು ಬಂದರೆ ಬಾಗಿಲು ಮುಚ್ಚಿದೆ ಎಂದರ್ಥ. ಆ ಜಾಲತಾಣದ ವಿಳಾಸವೇ ಉತ್ತರವಾಗಿ ಬಂದರೆ ಮೇಲ್ ಬರೆದವರು ಹೇಳಿದ್ದು ಸತ್ಯ. ಅಣ್ಣನ ರೂಟರ್ ಜಗತ್ತಿನಲ್ಲಿ ಯಾರು ಕೇಳಿದರೂ ಉತ್ತರ ಕೊಡುತ್ತಿದೆ.

ಕೊಟ್ಟರೆ ಏನಾಯ್ತು ಅಂತ ಕೇಳಬಹುದು. ತೊಂದರೆ ಇಲ್ಲೇ ಇರುವುದು. ಡಿಎನ್‌ಎಸ್‌ಗೆ ಕೇಳುವ ಪ್ರಶ್ನೆ ತುಂಬಾ ಚಿಕ್ಕದು, ಸುಮಾರು 60 ಬೈಟ್. ಕೇಳುವ ರೀತಿಯಲ್ಲಿ ಕೇಳಿದರೆ ಉತ್ತರ 3,000 ಬೈಟ್‌ವರೆಗೂ ಬರಬಹುದು. ಇನ್ನೊಂದು ವಿಷಯವೆಂದರೆ, ಪ್ರಶ್ನೆ ಕಳಿಸಿದವರ ವಿಳಾಸ ನಿಜವಾ ಎಂದು ರೂಟರ್ ನೋಡುವುದಿಲ್ಲ. ಹಾಗಾಗಿ ದಾಳಿ ಮಾಡುವವನು ಕಳಿಸಿದವರ ಜಾಗದಲ್ಲಿ ತನ್ನ ವಿಳಾಸ ಹಾಕುವುದಿಲ್ಲ, ಯಾರಿಗೆ ಹೊಡೆಯಬೇಕೋ ಅವರ ವಿಳಾಸ ಹಾಕುತ್ತಾನೆ. ಉತ್ತರವೆಲ್ಲ ಅವರ ಮೇಲೆ ಹೋಗಿ ಬೀಳುತ್ತದೆ, ಐವತ್ತು ಪಟ್ಟು ದೊಡ್ಡದಾಗಿ. ಇಂಥ ಸಾವಿರಾರು ರೂಟರ್‌ಗಳನ್ನು ಒಟ್ಟಿಗೆ ಬಳಸಿದರೆ ಎದುರಿನ ಸರ್ವರ್ ಉಸಿರೆತ್ತಲು ಆಗುವುದಿಲ್ಲ. 2013ರ ಮಾರ್ಚ್‌ನಲ್ಲಿ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಮೇಲೆ ಹೀಗೇ ದಾಳಿ ನಡೆಯಿತು. ಅದು ಸೆಕೆಂಡಿಗೆ 300 ಗಿಗಾಬಿಟ್‌ವರೆಗೆ ಹೋಗಿತ್ತು ಎಂದು ಆಗ ವರದಿಯಾಗಿತ್ತು. ಆ ದಾಳಿಯಲ್ಲಿ ಬಳಕೆಯಾದ ಸರ್ವರ್‌ಗಳ ಮಾಲೀಕರು ಕೆಟ್ಟವರೇನೂ ಅಲ್ಲ. ನಿಮ್ಮ ಅಣ್ಣನ ಹಾಗೆ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವರೇ ಜಾಸ್ತಿ.

ಅಣ್ಣನಿಗೂ ಇದರಿಂದ ನಷ್ಟವಿದೆ. ಅಪ್‌ಲೋಡ್ ಬ್ಯಾಂಡ್‌ವಿಡ್ತ್ ಸುಮ್ನೆ ಖಾಲಿಯಾಗುತ್ತದೆ. ಸಂಜೆ ಹೊತ್ತು ‘ನೆಟ್ ಸ್ಲೋ’ ಎಂದು ಬರುವ ಫೋನ್‌ಗಳಲ್ಲಿ ಕೆಲವಕ್ಕಾದರೂ ಇದೇ ಕಾರಣ ಇರಬಹುದು.

ಸರಿ ಮಾಡುವುದು ಹೇಗೆ? ನಮ್ಮ ಕಡೆ ಸಣ್ಣ ಆಪರೇಟರ್‌ಗಳ ಹತ್ತಿರ ಸಾಮಾನ್ಯವಾಗಿ ಮೈಕ್ರೋಟಿಕ್ ರೂಟರ್ ಇರುತ್ತದೆ. ಅದರ ಡಿಎನ್‌ಎಸ್ ಪುಟದಲ್ಲಿ ‘ಅಲೋ ರಿಮೋಟ್ ರಿಕ್ವೆಸ್ಟ್ಸ್’ ಎಂಬ ಒಂದು ಟಿಕ್ ಇದೆ. ಮೂಲ ಅದೇ. ಆದರೆ ಅವಸರದಲ್ಲಿ ಟಿಕ್ ತೆಗೆಯಬೇಡಿ. ಗ್ರಾಹಕರ ಮನೆಗಳೂ ಅದೇ ರೂಟರನ್ನು ಡಿಎನ್‌ಎಸ್ ಆಗಿ ಬಳಸುತ್ತಿದ್ದರೆ ಎಲ್ಲ ಮನೆಯ ನೆಟ್ ಒಟ್ಟಿಗೆ ನಿಂತಂತೆ ಆಗುತ್ತದೆ. ಟಿಕ್ ಹಾಗೇ ಇರಲಿ. ಫೈರ್‌ವಾಲ್‌ನ ಇನ್‌ಪುಟ್ ಚೈನ್‌ನಲ್ಲಿ (ರೂಟರಿಗೇ ಬರುವ ಮಾಹಿತಿಗೆ ಅನ್ವಯಿಸುವ ನಿಯಮಗಳ ಪಟ್ಟಿ), ಹೊರಗಿನ ಲೈನ್ ಕಡೆಯಿಂದ ಡಿಎನ್‌ಎಸ್ ಬಳಸುವ 53ನೇ ನಂಬರಿನ ಪೋರ್ಟಿಗೆ ಬರುವ ಯುಡಿಪಿ ಮತ್ತು ಟಿಸಿಪಿ (ಮಾಹಿತಿ ಕಳಿಸುವ ಎರಡು ವಿಧಾನಗಳು) ಎರಡನ್ನೂ ಡ್ರಾಪ್ ಮಾಡುವ ನಿಯಮ ಹಾಕಿ. ಆ ನಿಯಮ ಎಲ್ಲಕ್ಕೂ ಅವಕಾಶ ಕೊಡುವ ಸಾಲಿಗಿಂತ ಮೇಲೆ ಇರಬೇಕು. ಶುರು ಮಾಡುವ ಮೊದಲು, ಮೈಕ್ರೋಟಿಕ್ ನಿರ್ವಹಿಸುವ ತಂತ್ರಾಂಶವಾದ ವಿನ್‌ಬಾಕ್ಸ್‌ನಲ್ಲಿ ‘ಸೇಫ್ ಮೋಡ್’ ಒತ್ತಿಕೊಳ್ಳಿ. ಏನೋ ತಪ್ಪಿ ನಿಮ್ಮ ಸಂಪರ್ಕವೇ ಕಡಿದುಹೋದರೂ ರೂಟರ್ ತಾನಾಗಿ ಹಳೆಯ ಸ್ಥಿತಿಗೆ ಮರಳುತ್ತದೆ.

ಅಲ್ಲೇ ಇರುವಾಗ ಇನ್ನೊಂದನ್ನೂ ನೋಡಿ. ವಿನ್‌ಬಾಕ್ಸ್‌ನ 8291ನೇ ಪೋರ್ಟ್ ಹೊರಗಿನವರಿಗೆ ತೆರೆದಿರಬಾರದು. 2018ರಲ್ಲಿ ಅದರಲ್ಲಿ ಒಂದು ದೊಡ್ಡ ದೋಷ ಸಿಕ್ಕಿತ್ತು. ಏಪ್ರಿಲ್‌ನಲ್ಲೇ ಕಂಪನಿ ಅಪ್‌ಡೇಟ್ ಕೊಟ್ಟಿತು. ಅಪ್‌ಡೇಟ್ ಹಾಕದೇ ಬಿಟ್ಟ ಲಕ್ಷಾಂತರ ರೂಟರ್‌ಗಳು ಅದೇ ವರ್ಷ ಬೇರೆಯವರ ಕೈವಶವಾದವು. ನಮ್ಮ ದೇಶದ ರೂಟರ್‌ಗಳೂ ಅದರಲ್ಲಿದ್ದವು.

ಆಮೇಲೆ ಹಾಟ್‌ಸ್ಪಾಟ್ ಹಾಕಿಕೊಂಡು ಮತ್ತೊಮ್ಮೆ ಪರೀಕ್ಷಿಸಿ. ಮುಚ್ಚಿದ್ದು ಖಾತ್ರಿಯಾದ ಮೇಲೆ ಆ ಮೇಲ್‌ಗೆ ಎರಡು ಸಾಲು ಉತ್ತರ ಬರೆಯಿರಿ: ಯಾವ ಐಪಿ, ಯಾವ ದಿನ ಸರಿ ಮಾಡಿದಿರಿ, ವಂದನೆಗಳು. ಅಷ್ಟು ಸಾಕು. ದಂಡ ಹಾಕುತ್ತಾರೆ ಎಂಬ ಭಯ ಬೇಡ. ದಂಡ ಹಾಕುವ ಅಧಿಕಾರ ಅವರಿಗಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಅಧಿಕಾರ ಕೊಟ್ಟವರು ಯಾರು? ಯಾರೂ ಇಲ್ಲ. ಇಂಟರ್ನೆಟ್ ಅಂದರೆ 70 ಸಾವಿರಕ್ಕೂ ಹೆಚ್ಚು ಬೇರೆ ಬೇರೆ ನೆಟ್‌ವರ್ಕ್‌ಗಳು ಒಂದಕ್ಕೊಂದು ಜೋಡಿಕೊಂಡಿರುವುದು, ಅಷ್ಟೇ. ಅದರಲ್ಲಿ ದೈತ್ಯ ಕಂಪನಿಗಳಿವೆ, ವಿಶ್ವವಿದ್ಯಾಲಯಗಳಿವೆ, ಊರಿನ ಕೇಬಲ್ ಆಫೀಸುಗಳೂ ಇವೆ. ಎಲ್ಲದರ ಮೇಲೆ ಕೂತ ಯಜಮಾನ ಒಬ್ಬನೂ ಇಲ್ಲ. ಹಾಗಿದ್ದೂ ಇದು ನಡೆಯುತ್ತಿದೆ ಅಂದರೆ, ಪ್ರತಿಯೊಬ್ಬರೂ ತಮ್ಮ ಪಾಲಿನ ಜಾಗ ನೋಡಿಕೊಳ್ಳುತ್ತಾರೆ, ಬೇರೆಯವರ ಜಾಗದಲ್ಲಿ ತೊಂದರೆ ಕಂಡರೆ ತಿಳಿಸುತ್ತಾರೆ, ಅದಕ್ಕೆ. ನಿಮಗೆ ಬಂದದ್ದು ಅಂಥ ಒಂದು ತಿಳಿಸುವ ಮಾತು. ಶ್ಯಾಡೋಸರ್ವರ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ 2004ರಿಂದ ಇದೇ ಕೆಲಸ ಮಾಡುತ್ತಿದೆ. ಐಪಿವಿ4 ಎಂಬ ಹಳೆಯ ಐಪಿ ವಿಳಾಸ ಪದ್ಧತಿಯ ಸುಮಾರು 430 ಕೋಟಿ ವಿಳಾಸಗಳಲ್ಲಿ ಬಳಕೆಯಲ್ಲಿರುವುದನ್ನೆಲ್ಲ ದಿನವೂ ಹುಡುಕುತ್ತದೆ. ಎಲ್ಲಿ ಬಾಗಿಲು ತೆರೆದಿದೆ, ಎಲ್ಲಿ ಸೋಂಕು ತಗುಲಿದೆ ಎಂದು ಆಯಾ ನೆಟ್‌ವರ್ಕ್‌ನವರಿಗೆ ಉಚಿತವಾಗಿ ವರದಿ ಕಳಿಸುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2004ರಿಂದ ಇದೆ, ಅದರ ಸೈಬರ್ ಸ್ವಚ್ಛತಾ ಕೇಂದ್ರ 2017ರಲ್ಲಿ ಶುರುವಾಯಿತು. ಅದೂ ಸೋಂಕು ತಗುಲಿದ ಸಾಧನಗಳ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ತಿಳಿಸುತ್ತದೆ, ಸ್ವಚ್ಛ ಮಾಡುವ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತದೆ.

ಕುಮಟಾದ ಮಾಣಿಕಟ್ಟಾ ಕಡೆಯ ಗಜನಿ ಗದ್ದೆ ನೀವು ನೋಡಿರುತ್ತೀರಿ. ಅಘನಾಶಿನಿಯ ಉಪ್ಪುನೀರು ಒಳಗೆ ನುಗ್ಗದ ಹಾಗೆ ಮಣ್ಣಿನ ಒಡ್ಡು ಹಾಕಿ, ಒಳಗೆ ಕಗ್ಗ ಭತ್ತ ಬೆಳೆಯುತ್ತಾರೆ. ಒಡ್ಡು ಒಂದು ಕಡೆ ಒಡೆದರೆ ನೀರು ಆ ಒಬ್ಬನ ಗದ್ದೆಗೆ ಮಾತ್ರ ನುಗ್ಗುವುದಿಲ್ಲ. ಅದಕ್ಕೇ ಅಲ್ಲಿ ರೈತರು ಒಟ್ಟಾಗಿ ಒಡ್ಡು ಕಾಯುತ್ತಾರೆ. ಅಷ್ಟರ ಮಟ್ಟಿಗೆ ಇಂಟರ್ನೆಟ್ಟೂ ಹಾಗೆಯೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ, ಈ ವಿಷಯ ಕಲಿಯುವವರು ಮೊದಲು ತಿಳಿಯಬೇಕಾದದ್ದು ಅದನ್ನೇ. ಒಡ್ಡು ಒಡೆದರೆ ಒಡೆದವನ ಗದ್ದೆಯೂ ಹಾಳಾಗುತ್ತದೆ. ಇಂಟರ್ನೆಟ್‌ನಲ್ಲಿ ಎಷ್ಟೋ ಸಲ ಅಜಾಗರೂಕತೆ ಒಬ್ಬರದ್ದು, ಪೆಟ್ಟು ಬೀಳುವುದು ಇನ್ನೊಬ್ಬರಿಗೆ.

ಮೇಲೆ ಹೇಳಿದ ಸುಳ್ಳು ವಿಳಾಸದ ವಿಷಯವನ್ನೇ ತೆಗೆದುಕೊಳ್ಳಿ. ಪೆಟ್ಟು ತಿನ್ನುವವರು ಅದನ್ನು ತಡೆಯಲು ಏನೂ ಮಾಡಲಾರರು. ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಮಾಹಿತಿಯ ತುಣುಕು) ಹೊರಡುವ ನೆಟ್‌ವರ್ಕ್‌ನವರು ಮಾತ್ರ ತಡೆಯಬಲ್ಲರು: ‘ನನ್ನ ಲೈನಿನಿಂದ ಹೊರಗೆ ಹೋಗುವ ಪ್ಯಾಕೆಟ್ ಮೇಲೆ ನನ್ನದಲ್ಲದ ವಿಳಾಸ ಇದ್ದರೆ ಬಿಡುವುದಿಲ್ಲ’ ಎಂಬ ಒಂದು ನಿಯಮ. ಈ ಸಲಹೆ 2000ದ ಮೇ ತಿಂಗಳಲ್ಲೇ ಆರ್‌ಎಫ್‌ಸಿ 2827 ಎಂಬ ದಾಖಲೆಯಾಗಿ ಬಂದಿದೆ (ಇಂಟರ್ನೆಟ್ ಹೇಗೆ ನಡೆಯಬೇಕು ಎಂದು ಬರೆದಿಡುವ ದಾಖಲೆಗಳೇ ಆರ್‌ಎಫ್‌ಸಿ). ಅದರ ಇನ್ನೊಂದು ಹೆಸರು ಬಿಸಿಪಿ 38, ಹಾಗೆಂದರೆ ಈ ಕೆಲಸದವರಿಗೆಲ್ಲ ಗೊತ್ತು. ಇಷ್ಟು ವರ್ಷವಾದರೂ ಎಲ್ಲರೂ ಹಾಕಿಲ್ಲ. ಕಷ್ಟ ಎಂದಲ್ಲ. ಹಾಕಿದವನಿಗೆ ನೇರ ಲಾಭ ಕಾಣುವುದಿಲ್ಲ, ಲಾಭವೆಲ್ಲ ದೂರದಲ್ಲಿರುವ ಗುರುತಿಲ್ಲದವರಿಗೆ. ಅದೇ ಹೊತ್ತಿಗೆ, ಅಣ್ಣನ ನೆಟ್‌ವರ್ಕ್ ಸುರಕ್ಷಿತವಾಗಿರುವುದೂ ಹಾಗೆ ದೂರದಲ್ಲಿರುವ ಯಾರೋ ತಮ್ಮ ನಿಯಮ ಹಾಕಿರುವುದರಿಂದಲೇ. ಈ ಕ್ಷೇತ್ರದಲ್ಲಿ ತಾಂತ್ರಿಕ ಸಮಸ್ಯೆಗಿಂತ ಇದು ದೊಡ್ಡ ಸಮಸ್ಯೆ ಎಂದು ನನ್ನ ಅಭಿಪ್ರಾಯ.

ದಾರಿ ತೋರಿಸುವ ವ್ಯವಸ್ಥೆಯಲ್ಲೂ ಇದೇ ಕಥೆ. ಯಾವ ವಿಳಾಸ ಎಲ್ಲಿದೆ ಎಂದು ನೆಟ್‌ವರ್ಕ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿಗೆ ಬಿಜಿಪಿ ಎನ್ನುತ್ತಾರೆ. ಅದು ಪೂರ್ತಿ ನಂಬಿಕೆಯ ಮೇಲೆ ಕಟ್ಟಿದ್ದು. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದಲ್ಲಿ ಯೂಟ್ಯೂಬ್ ನಿಲ್ಲಿಸಲು ಸರ್ಕಾರದ ಆದೇಶವಾಯಿತು. 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ಗ್ರಾಹಕರಿಗೆ ಮಾತ್ರ ಎಂದುಕೊಂಡು ‘ಯೂಟ್ಯೂಬ್ ವಿಳಾಸ ನಮ್ಮಲ್ಲಿದೆ’ ಎಂಬ ಸುಳ್ಳು ದಾರಿ ಹಾಕಿತು. ಆ ಮಾತು ದೇಶದ ಹೊರಗೂ ಸೋರಿತು. ಅದಕ್ಕೆ ಸಂಪರ್ಕ ಕೊಡುತ್ತಿದ್ದ ಮೇಲಿನ ಕಂಪನಿ, ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯೂ, ‘ಇದು ನಿನ್ನ ವಿಳಾಸವೇನಾ?’ ಎಂದು ಕೇಳದೇ ಮುಂದೆ ದಾಟಿಸಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಪಾಲು ಕಡೆ ಯೂಟ್ಯೂಬ್ ಸಿಗಲಿಲ್ಲ. ಯೂಟ್ಯೂಬಿನವರ ಸರ್ವರ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ. ನಡುವಿನ ಒಬ್ಬರು ಪರೀಕ್ಷಿಸಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು.

ಇಂಥವುಗಳ ನಂತರ 2014ರಲ್ಲಿ ಕೆಲವು ನೆಟ್‌ವರ್ಕ್‌ಗಳು ಸೇರಿ ಮ್ಯಾನರ್ಸ್ ಎಂಬ ಒಪ್ಪಂದ ಮಾಡಿಕೊಂಡವು. ಕಾನೂನಲ್ಲ, ತಾವಾಗಿ ಒಪ್ಪಿಕೊಂಡ ನಡವಳಿಕೆ. ತಪ್ಪು ದಾರಿಯನ್ನು ಮುಂದೆ ದಾಟಿಸಬಾರದು, ಸುಳ್ಳು ವಿಳಾಸದ ಪ್ಯಾಕೆಟ್ ಹೊರಗೆ ಬಿಡಬಾರದು, ತಮ್ಮನ್ನು ಸಂಪರ್ಕಿಸುವ ಮೇಲ್ ಮತ್ತು ಫೋನ್ ನಂಬರ್ ನೋಂದಣಿಯಲ್ಲಿ ಸರಿಯಾಗಿರಬೇಕು, ತಮ್ಮ ವಿಳಾಸಗಳ ಮಾಹಿತಿ ಬೇರೆಯವರು ತಾಳೆ ನೋಡಲು ಸಿಗುವಂತೆ ಇಡಬೇಕು. ಮೂರನೆಯದು ಚಿಕ್ಕದು ಅನಿಸಬಹುದು. ಆದರೆ ಅಣ್ಣನ ಮೇಲ್ ವಿಳಾಸ ಸರಿಯಾಗಿ ನೋಂದಣಿಯಾಗಿದ್ದರಿಂದಲೇ ಆ ಎಚ್ಚರಿಕೆ ಅವರಿಗೆ ತಲುಪಿದ್ದು ಅಲ್ವಾ? ಎಷ್ಟೋ ಕಡೆ ಆ ಜಾಗದಲ್ಲಿ ಕೆಲಸ ಬಿಟ್ಟು ಹೋದವರ ಮೇಲ್ ಇರುತ್ತದೆ. ಎಚ್ಚರಿಕೆ ಯಾರೂ ಓದದ ಕಡೆ ಹೋಗಿ ಬೀಳುತ್ತದೆ.

ನಾಲ್ಕನೆಯದಕ್ಕೆ ಆರ್‌ಪಿಕೆಐ ಎಂಬ ವ್ಯವಸ್ಥೆ ಇದೆ. ‘ಈ ವಿಳಾಸಗಳನ್ನು ಈ ನೆಟ್‌ವರ್ಕ್ ಮಾತ್ರ ಪ್ರಕಟಿಸಬಹುದು’ ಎಂದು ಡಿಜಿಟಲ್ ಸಹಿ ಮಾಡಿದ ಪತ್ರ. ಅದನ್ನು ಆರ್‌ಓಎ ಎನ್ನುತ್ತಾರೆ. ಅಣ್ಣನಿಗೆ ಸ್ವಂತ ಐಪಿ ಬ್ಲಾಕ್ ಇದ್ದರೆ, ಅದನ್ನು ಕೊಟ್ಟ ನೋಂದಣಿ ಸಂಸ್ಥೆಯಲ್ಲಿ ಈ ಪತ್ರ ಮಾಡಿಸುವುದು ಹೇಗೆ ಎಂದು ಕೇಳಿ ಮಾಡಿಸಿಬಿಡಿ. ಆ ಪತ್ರ ಕೆಲಸಕ್ಕೆ ಬರುವುದು ಬೇರೆ ನೆಟ್‌ವರ್ಕ್‌ಗಳು ತಾಳೆ ನೋಡಿದಾಗ ಮಾತ್ರ, ಅದನ್ನೂ ಮರೆಯಬೇಡಿ.

ತಂತ್ರಾಂಶದ ವಿಷಯದಲ್ಲಿ ಎರಡು ಪ್ರಸಂಗ ಓದಿಕೊಳ್ಳಿ. 2008ರಲ್ಲಿ ಡ್ಯಾನ್ ಕಾಮಿನ್‌ಸ್ಕಿ ಎಂಬ ಸಂಶೋಧಕರಿಗೆ ಡಿಎನ್‌ಎಸ್‌ನ ಮೂಲದಲ್ಲೇ ಒಂದು ದೋಷ ಸಿಕ್ಕಿತು. ಅದು ಬಯಲಾಗಿದ್ದರೆ ಯಾರು ಬೇಕಾದರೂ ಬ್ಯಾಂಕಿನ ಹೆಸರು ಟೈಪ್ ಮಾಡಿದವರನ್ನು ಕಳ್ಳ ಪುಟಕ್ಕೆ ಕಳಿಸಬಹುದಿತ್ತು. ಅವರು ಅದನ್ನು ಮಾರಿಕೊಳ್ಳಲಿಲ್ಲ. ಡಿಎನ್‌ಎಸ್ ತಂತ್ರಾಂಶ ಮಾಡುವ ಪ್ರಮುಖರಿಗೆ ಗುಟ್ಟಾಗಿ ತಿಳಿಸಿದರು. ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳವರು ಮೈಕ್ರೋಸಾಫ್ಟಿನ ಆವರಣದಲ್ಲಿ ಒಟ್ಟಿಗೆ ಕೂತು ಪರಿಹಾರ ಹುಡುಕಿದರು. ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಜುಲೈ 8ರಂದು ಪ್ರಮುಖ ಕಂಪನಿಗಳೆಲ್ಲ ಒಂದೇ ದಿನ ಅಪ್‌ಡೇಟ್ ಬಿಟ್ಟವು. ಈ ಪ್ರಸಂಗದ ಬಗ್ಗೆ ನನಗೆ ಇವತ್ತಿಗೂ ಗೌರವ ಕಡಿಮೆಯಾಗಿಲ್ಲ.

ಇನ್ನೊಂದು 2024ರ ಮಾರ್ಚ್‌ನದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿದ್ದು ಇಷ್ಟೇ: ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಒಳಹೋಗಲು ಬಳಸುವ ಎಸ್‌ಎಸ್‌ಎಚ್‌ನ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನು ಹತ್ತಿದರು. ಲಿನಕ್ಸ್‌ಗಳಲ್ಲಿ ಬಳಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳ ಬಾಗಿಲು ಇಟ್ಟಿದ್ದು ಸಿಕ್ಕಿತು. ಅದನ್ನು ಇಟ್ಟವನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಸಹಾಯಕನಂತೆ ಕೆಲಸ ಮಾಡಿ ನಂಬಿಕೆ ಗಳಿಸಿದ್ದ. ಆ ತಂತ್ರಾಂಶವನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಹೊಣೆ ಹಂಚಿಕೊಳ್ಳುವುದು ಎಂಬ ಮಾತು ಅಲ್ಲಿ ಸೋತಿತ್ತು. ಎಲ್ಲರೂ ಬಳಸಿದರು, ಭಾರ ಮಾತ್ರ ಒಬ್ಬರ ತಲೆಯ ಮೇಲಿತ್ತು.

ಡಿಎನ್‌ಎಸ್‌ನ ಮೂಲ ಕೀಲಿಯ ಬಗ್ಗೆಯೂ ಚಿಕ್ಕದಾಗಿ ಹೇಳುತ್ತೇನೆ, ‘ಕಾಯಲು ಯಾರಾದರೂ ಇದ್ದಾರಾ’ ಎಂದು ಕೇಳಿದ್ದೀರಲ್ಲ. 2010ರಿಂದ ಡಿಎನ್‌ಎಸ್‌ನ ಬೇರಿಗೆ (ಎಲ್ಲ ಹೆಸರುಗಳ ಹುಡುಕಾಟ ಶುರುವಾಗುವ ಜಾಗ) ಡಿಜಿಟಲ್ ಸಹಿ ಇದೆ. ಆ ಸಹಿಯ ಕೀಲಿ ಅಮೆರಿಕದ ಎರಡು ಕಟ್ಟಡಗಳಲ್ಲಿ, ತಿಜೋರಿಯೊಳಗಿದೆ. ವರ್ಷಕ್ಕೆ ನಾಲ್ಕು ಸಲ ಅದನ್ನು ಬಳಸುತ್ತಾರೆ. ಅದಕ್ಕೆ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಹೋಗಬೇಕು. ಕನಿಷ್ಠ ಮೂವರು ತಮ್ಮ ಪಾಲಿನ ಕಾರ್ಡ್ ಕೊಡದೆ ಏನೂ ನಡೆಯದು. ಪೂರ್ತಿ ಕಾರ್ಯಕ್ರಮ ನೇರ ಪ್ರಸಾರವಾಗುತ್ತದೆ, ನೀವೂ ನೋಡಬಹುದು. 2020ರ ಫೆಬ್ರವರಿಯಲ್ಲಿ ತಿಜೋರಿಯ ಬೀಗ ಕೆಟ್ಟು, ಕೊರೆದು ತೆಗೆಯಬೇಕಾಗಿ ಕಾರ್ಯಕ್ರಮವೇ ಮುಂದೆ ಹೋಯಿತು. ಅದನ್ನೂ ಮುಚ್ಚಿಡದೆ ಹೇಳಿದರು.

ಸರ್ಕಾರದ ಕಾನೂನು ಬೇಡವೇ? ಬೇಕು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಅಣ್ಣನಿಗೂ ಅನ್ವಯಿಸುತ್ತದೆ. ಅದರಲ್ಲಿ ಪಟ್ಟಿ ಮಾಡಿದ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು (ಯಂತ್ರಗಳಲ್ಲಿ ನಡೆದದ್ದರ ದಾಖಲೆ) 180 ದಿನ ಇಟ್ಟುಕೊಳ್ಳಬೇಕು, ಯಂತ್ರಗಳ ಗಡಿಯಾರ ಸರಿಯಾಗಿ ಹೊಂದಿರಬೇಕು. ಆದರೆ ಒಂದು ದೇಶದ ಕಾನೂನು ಗಡಿಯವರೆಗೆ ಮಾತ್ರ ನಡೆಯುತ್ತದೆ. ಪ್ಯಾಕೆಟ್‌ಗೆ ಗಡಿ ಇಲ್ಲ. ಹಾಗಾಗಿ ಕಾನೂನಿನ ಜೊತೆಗೆ ಈ ತಾವಾಗಿ ಮಾಡುವ ಕೆಲಸವೂ ಇರಲೇಬೇಕು.

ಈಗ ಕಲಿಕೆ. ನಿಮಗಿರುವ ಅನುಕೂಲ ಬೆಂಗಳೂರಿನಲ್ಲಿ ಕೋರ್ಸ್ ಮಾಡುವ ಎಷ್ಟೋ ಮಕ್ಕಳಿಗಿಲ್ಲ. ನಿಮ್ಮ ಮನೆಯಲ್ಲೇ ನಿಜವಾದ ನೆಟ್‌ವರ್ಕ್ ಇದೆ. ಮೊದಲು ಅದರ ನಕ್ಷೆ ಬರೆಯಿರಿ. ಯಾವ ಲೈನ್ ಎಲ್ಲಿಂದ ಬರುತ್ತದೆ, ಯಾವ ಐಪಿ ಎಲ್ಲಿ ಬಳಕೆಯಾಗಿದೆ, ಯಾವ ರೂಟರ್‌ನಲ್ಲಿ ಯಾವ ವರ್ಷದ ತಂತ್ರಾಂಶ ಇದೆ, ಎಲ್ಲ ಬರೆಯಿರಿ. ಆಮೇಲೆ ಬರುವ ವರದಿಗಳನ್ನು ಓದಲು ಕಲಿಯಿರಿ. ಅವುಗಳಲ್ಲಿ ಸಮಯ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. 18:40 ಎಂದಿದ್ದರೆ ನಮ್ಮಲ್ಲಿ ಮರುದಿನ ರಾತ್ರಿ 12:10. ಐದೂವರೆ ಗಂಟೆ ಕೂಡಿಸುವುದು ಮರೆತರೆ ತಪ್ಪು ಮನೆಗೆ ಹೋಗಿ ಬಾಗಿಲು ತಟ್ಟುತ್ತೀರಿ. ಒಂದೇ ಐಪಿಯನ್ನು ಹತ್ತಾರು ಮನೆಗಳಿಗೆ ಹಂಚಿದ್ದರೆ ಪೋರ್ಟ್ ನಂಬರೂ ಬೇಕಾಗುತ್ತದೆ.

ಗ್ರಾಹಕರ ಕಡೆ ಮುಖ್ಯವಾಗಿ ನೋಡಬೇಕಾದದ್ದು ಸಿಸಿಟಿವಿ. ಅಂಗಡಿ, ಹೋಂಸ್ಟೇ, ಶಿರಸಿ ಕಡೆ ಅಡಿಕೆ ಗೋದಾಮು, ಎಲ್ಲ ಕಡೆ ಕ್ಯಾಮೆರಾ ಇದೆ. ಎಷ್ಟೋ ಕಡೆ ಕಂಪನಿ ಕೊಟ್ಟ ಪಾಸ್‌ವರ್ಡೇ ಇದೆ. 2016ರ ಅಕ್ಟೋಬರ್ 21ರಂದು ಮಿರಾಯ್ ಎಂಬ ಮಾಲ್‌ವೇರ್ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನೇ ಕೂಡಿಸಿಕೊಂಡು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿ ಮಾಡಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದ ಎಷ್ಟೋ ಭಾಗಗಳಲ್ಲಿ ನಿಂತವು. ಅದು ಬಳಸಿದ್ದು ಅರವತ್ತರಷ್ಟು ಮಾಮೂಲಿ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು, ಅಷ್ಟೇ. ಒಂದು ಪುಟದ ಕನ್ನಡ ಚೀಟಿ ಬರೆದು, ಕ್ಯಾಮೆರಾ ಹಾಕಿಸಿದ ಪ್ರತಿ ಗ್ರಾಹಕರಿಗೂ ಕೊಡಿ: ಪಾಸ್‌ವರ್ಡ್ ಬದಲಿಸುವುದು ಹೇಗೆ, ಯಾಕೆ. ಕೊಂಕಣಿ ಮಾತಾಡುವ ಮನೆಗಳಲ್ಲಿ ಕೊಂಕಣಿಯಲ್ಲೇ ಹೇಳಿ.

ಓದಲು, ಏಷ್ಯಾ-ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ ಹಂಚುವ ಸಂಸ್ಥೆಯಾದ ಎಪಿನಿಕ್‌ನ ಅಕಾಡೆಮಿಯ ಉಚಿತ ಪಾಠಗಳು ಚೆನ್ನಾಗಿವೆ. ಬಿಜಿಪಿ, ಆರ್‌ಪಿಕೆಐಗೆ ಅಲ್ಲಿ ಕೈಯಾರೆ ಮಾಡಿ ನೋಡುವ ಲ್ಯಾಬ್ ಕೂಡ ಇದೆ. ಮ್ಯಾನರ್ಸ್‌ನ ಪಾಠಗಳೂ ಉಚಿತ. ಆರ್‌ಎಫ್‌ಸಿಗಳನ್ನು ಯಾರು ಬೇಕಾದರೂ ಓದಬಹುದು, 2827 ಚಿಕ್ಕದು, ಅದರಿಂದಲೇ ಶುರು ಮಾಡಿ. ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಹಾಕಿಕೊಂಡು ನಿಮ್ಮದೇ ಲ್ಯಾಪ್‌ಟಾಪಿನ ಡಿಎನ್‌ಎಸ್ ಪ್ರಶ್ನೆಗಳನ್ನು ನೋಡಿ. ಬೇರೆಯವರ ಸಿಸ್ಟಂನಲ್ಲಿ ಅನುಮತಿ ಇಲ್ಲದೆ ಕೈ ಹಾಕಬೇಡಿ, ಕಲಿಕೆಗೆ ಅಂತಲೂ ಬೇಡ. ಐಟಿ ಕಾಯ್ದೆಯ 43 ಮತ್ತು 66ನೇ ಕಲಂಗಳು ನೇರವಾಗಿ ಅನ್ವಯಿಸುತ್ತವೆ.

ನಿಮ್ಮ ಭಾಗದ ಆಪರೇಟರ್‌ಗಳು ಒಬ್ಬರಿಗೊಬ್ಬರು ಪರಿಚಯ ಇದ್ದೇ ಇರುತ್ತಾರೆ. ಮಳೆಗಾಲದಲ್ಲಿ ಅರಬೈಲ್ ಘಟ್ಟದಲ್ಲಿ ಮರ ಬಿದ್ದು ಫೈಬರ್ ಕಡಿದರೆ ಮೊದಲು ಸುದ್ದಿ ಹರಡುವುದು ಅವರ ನಡುವೆಯೇ. ಫೈಬರ್ ಸುದ್ದಿಯ ಜೊತೆಗೆ ಇಂಥ ಸುದ್ದಿಯೂ ಹೋಗಲಿ. ಅಣ್ಣನ ರೂಟರ್ ಸರಿ ಮಾಡಿದ ಕ್ರಮವನ್ನು ಬರೆದು ಹೊನ್ನಾವರ, ಕುಮಟಾ, ಯಲ್ಲಾಪುರದವರಿಗೂ ಕಳಿಸಿ. ಅವರಲ್ಲೂ ಅದೇ ಟಿಕ್ ಇರುವ ಸಾಧ್ಯತೆ ಜಾಸ್ತಿ.

ಮುಂದೆ ಇದನ್ನೇ ಕೆಲಸ ಮಾಡಿಕೊಳ್ಳುವ ಮನಸ್ಸಿದ್ದರೆ ಸ್ಯಾನಾಗ್ (ದಕ್ಷಿಣ ಏಷ್ಯಾದ್ದು), ಇನ್ನಾಗ್ (ಭಾರತದ್ದು) ಎಂಬ ನೆಟ್‌ವರ್ಕ್ ಆಪರೇಟರ್‌ಗಳ ಸಭೆಗಳ ಬಗ್ಗೆ ಗಮನವಿಡಿ. ಎಪಿನಿಕ್ ಮತ್ತು ಸ್ಯಾನಾಗ್ ಫೆಲೋಶಿಪ್ ಕೂಡ ಕೊಡುತ್ತವೆ. ಅರ್ಜಿಯಲ್ಲಿ ಅಂಕಪಟ್ಟಿಗಿಂತ ಹೆಚ್ಚಾಗಿ, ನೀವು ಕೈಯಾರೆ ಏನು ಸರಿ ಮಾಡಿದಿರಿ ಎಂಬುದನ್ನು ಬರೆಯಿರಿ. ಅದಕ್ಕಾಗಿ ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ: ತಾರೀಖು, ಯಾವ ವರದಿ ಬಂತು, ಏನು ಸಿಕ್ಕಿತು, ಏನು ಬದಲಿಸಿದಿರಿ, ಮುಂದಿನ ವರದಿಯಲ್ಲಿ ಅದು ಹೋಗಿತ್ತೋ ಇಲ್ಲವೋ.